ಶಕ್ತಿ ಬಸ್ಸು: ಕುಚ್ಚು ಕಟ್ಟುವವಳ ಎರಡು ವರ್ಷದ ಅನುಭವ

ನಾನು ಸೀರೆಗೆ ಕುಚ್ಚು ಕಟ್ಟುತ್ತೇನೆ. ಹದಿಮೂರು ವರ್ಷದಿಂದ ಇದೇ ಕೆಲಸ. ನಮ್ಮೂರು ತಾಲ್ಲೂಕು ಕೇಂದ್ರದಿಂದ 16 ಕಿಲೋಮೀಟರ್. ಬಸ್ಸು ಒಳಗೆ ಬರುವುದಿಲ್ಲ, ಹ್ಯಾಂಡ್ ಪೋಸ್ಟ್‌ವರೆಗೆ ಒಂದೂವರೆ ಕಿಲೋಮೀಟರ್ ನಡೆಯಬೇಕು. ಮಿಕ್ಸಿಗೆ, ಮೊಬೈಲಿಗೆ, ಹೋಟೆಲಿಗೆ ಎಲ್ಲರೂ ರಿವ್ಯೂ ಬರೆಯುತ್ತಾರೆ. ನಾನು ವಾರಕ್ಕೆ ಮೂರು ಸಲ ಬಳಸುವುದು ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲದ ಶಕ್ತಿ ಯೋಜನೆಯ ಸರ್ಕಾರಿ ಬಸ್ಸು, ಹಾಗಾಗಿ ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

2023ರ ಜೂನ್ 11ಕ್ಕೆ ಯೋಜನೆ ಶುರುವಾಯಿತು. ಅದಕ್ಕೆ ಮುಂಚೆ ಸೀರೆಗಳು ನನ್ನ ಕೈಗೆ ಬರುತ್ತಿದ್ದದ್ದು ಮಧ್ಯದವರೊಬ್ಬರಿಂದ. ಅವರು ಪೇಟೆಯ ಅಂಗಡಿಗಳಿಂದ ಸೀರೆ ತಂದು ನಮ್ಮೂರಿನ ಐದಾರು ಹೆಂಗಸರಿಗೆ ಹಂಚುತ್ತಿದ್ದರು, ವಾರದ ಮೇಲೆ ಬಂದು ತಗೊಂಡು ಹೋಗುತ್ತಿದ್ದರು. ಒಂದು ಸೀರೆಗೆ ನನಗೆ 120 ರೂಪಾಯಿ. ಅಂಗಡಿಯವರು ಎಷ್ಟು ಕೊಡುತ್ತಾರೆ ಅಂತ ಕೇಳಿದವಳೇ ಅಲ್ಲ. ಕೇಳೋಣ ಅಂದರೆ ಹೋಗಿಬರಲು 44 ರೂಪಾಯಿ ಬೇಕು, ಆ ದುಡ್ಡಿಗೆ ಮನೆಯವರ ಮುಂದೆ ಕೈಯೊಡ್ಡಬೇಕು, ಯಾಕೆ ಅಂತ ಹೇಳಬೇಕು. ಆ ‘ಯಾಕೆ’ಗೆ ಹೆದರಿಯೇ ಎಷ್ಟೋ ಕೆಲಸ ಬಿಟ್ಟಿದ್ದೇನೆ.

ಬಸ್ಸು ಉಚಿತ ಆದ ಮೂರನೇ ವಾರ ನಮ್ಮತ್ತಿಗೆಯನ್ನು ಜೊತೆ ಮಾಡಿಕೊಂಡು ಪೇಟೆಗೆ ಹೋದೆ. ಎರಡು ಅಂಗಡಿಯಲ್ಲಿ ನನ್ನ ಕೈಕೆಲಸ ತೋರಿಸಿದೆ. ಒಂದರಲ್ಲಿ ಅಲ್ಲೇ ನಾಲ್ಕು ಸೀರೆ ಕೊಟ್ಟರು, ಒಂದಕ್ಕೆ 220 ರೂಪಾಯಿ. ಇಷ್ಟು ವರ್ಷ ನೂರು ರೂಪಾಯಿ ಎಲ್ಲಿ ಹೋಗುತ್ತಿತ್ತು ಅಂತ ಅವತ್ತು ಗೊತ್ತಾಯಿತು. ಬರುವಾಗ ಬಸ್ಸಿನಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅತ್ತಿಗೆ ಕೈ ಹಿಡಿದು ಕೂತಿದ್ದೆ. ಇಬ್ಬರಿಗೂ ಮಾತೇ ಬರಲಿಲ್ಲ.

ಇನ್ನೊಂದು ಲಾಭ ಈ ಕೆಲಸ ಮಾಡುವವರಿಗೇ ಅರ್ಥವಾಗೋದು. ಕುಚ್ಚಿಗೆ ದಾರ ಸೀರೆಯ ಬಣ್ಣಕ್ಕೆ ಕೂಡಬೇಕು. ಮೈ ಹಸಿರು, ಸೆರಗು ಕುಂಕುಮ ಬಣ್ಣ, ನಡುವೆ ಜರಿ ಇದ್ದರೆ ಮೂರು ದಾರ ಸೇರಿಸಿ ಕಟ್ಟಬೇಕು. ಅಂಗಡಿಯೊಳಗೆ ಟ್ಯೂಬ್‌ಲೈಟ್ ಕೆಳಗೆ ಸರಿ ಕಂಡ ಕುಂಕುಮ ಬಿಸಿಲಿಗೆ ತಂದರೆ ಇಟ್ಟಿಗೆ ಬಣ್ಣ. ಮುಂಚೆ ಮಧ್ಯದವರು ತಂದುಕೊಟ್ಟ ದಾರವೇ ಗತಿ. ಈಗ ಸೀರೆ ಹಿಡಿದುಕೊಂಡು ಅಂಗಡಿಯ ಬಾಗಿಲಿಗೆ ಬಂದು ದಾರವನ್ನು ಸೆರಗಿನ ಮೇಲೆ ಎಳೆದಿಟ್ಟು ನೋಡಿ ತರುತ್ತೇನೆ. ಕೂಡದಿದ್ದರೆ ನಾಳೆ ಮತ್ತೆ ಹೋಗುತ್ತೇನೆ. ‘ಮತ್ತೆ ಹೋಗುತ್ತೇನೆ’ ಅನ್ನುವ ಮಾತು ಮೊದಲು ನನ್ನ ಬಾಯಲ್ಲಿ ಇರಲೇ ಇಲ್ಲ.

ಇನ್ನು ಸೇವೆಯ ವಿಚಾರ. ಆಧಾರ್ ತೋರಿಸಿದರೆ ಶೂನ್ಯ ಮೊತ್ತದ ಟಿಕೆಟ್ ಕೊಡುತ್ತಾರೆ. ಸಾಮಾನ್ಯ ಬಸ್ಸಿಗೆ ಮಾತ್ರ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇಲ್ಲ. ಆ ಚೀಟಿಯನ್ನು ಎಷ್ಟೋ ಜನ ‘ಹೇಗೂ ಫ್ರೀ ತಾನೇ’ ಅಂತ ಇಸಿದುಕೊಳ್ಳುವುದೇ ಇಲ್ಲ. ದಯವಿಟ್ಟು ಇಸಿದುಕೊಳ್ಳಿ. ನಾವು ಓಡಾಡಿದ ದುಡ್ಡನ್ನು ಸರ್ಕಾರ ಸಾರಿಗೆ ನಿಗಮಗಳಿಗೆ ತುಂಬಿಕೊಡುವುದು ಆ ಚೀಟಿಯ ಲೆಕ್ಕದ ಮೇಲೆ. 2025ರ ಜುಲೈಗೆ ಅಂಥ ಟಿಕೆಟ್ 500 ಕೋಟಿ ದಾಟಿತು. ನನ್ನವೂ ಅದರಲ್ಲಿ ಇವೆ ಅಂತ ನನಗೆ ಹೆಮ್ಮೆ ಇದೆ.

ಆದರೆ ಬಸ್ಸು ನಿಲ್ಲಿಸಿದರೆ ತಾನೇ ಚೀಟಿ! ಹೋದ ವರ್ಷ ಗೌರಿ ಹಬ್ಬಕ್ಕೆ ಮೂರು ದಿನ ಇದ್ದಾಗ ಪೇಟೆಯ ಹೊರಗಿನ ಸ್ಟಾಪಿನಲ್ಲಿ ನಾವು ಏಳು ಹೆಂಗಸರು ನಿಂತಿದ್ದೆವು. ಸಂಜೆ ಆರೂವರೆ, ಸಣ್ಣಗೆ ಮಳೆ. ಬಸ್ಸು ಬಂತು, ನಿಧಾನ ಮಾಡಿತು, ನಿಂತಿರುವವರೆಲ್ಲ ಹೆಂಗಸರೇ ಅಂತ ನೋಡಿತೋ ಏನೋ, ಹೋಗೇ ಬಿಟ್ಟಿತು. ಒಳಗೆ ಜಾಗವಿತ್ತು, ನನ್ನ ಕಣ್ಣಾರೆ ಕಂಡೆ. ಮುಂದಿನದು ಎಂಟು ಗಂಟೆಗೆ. ಚೀಲದಲ್ಲಿ ಬೇರೆಯವರ ಒಂಬತ್ತು ರೇಷ್ಮೆ ಸೀರೆ. ಒಂದಕ್ಕೆ ನೀರು ಬಿದ್ದು ಬಣ್ಣ ಬಿಟ್ಟರೆ ನನ್ನ ಆರು ತಿಂಗಳ ದುಡಿಮೆ ಹೋದಂತೆ. ತಲೆಯ ಮೇಲಿನ ಸೆರಗು ತೆಗೆದು ಚೀಲಕ್ಕೆ ಸುತ್ತಿ ನಿಂತೆ. ಕೊನೆಗೆ ಏಳು ಜನ ಸೇರಿ ಆಟೊ ಮಾಡಿಕೊಂಡೆವು, ತಲೆಗೆ 60 ರೂಪಾಯಿ.

ಎಲ್ಲ ಕಂಡಕ್ಟರ್‌ಗಳೂ ಹಾಗಲ್ಲ. ಬೆಳಗ್ಗೆ ಏಳೂ ಹತ್ತರ ಬಸ್ಸಿನಲ್ಲಿ ಒಬ್ಬ ಅಕ್ಕ ಇದ್ದಾರೆ. ಆಧಾರ್ ಮರೆತು ಬಂದ ಅಜ್ಜಿಗೆ ‘ಮೊಬೈಲಲ್ಲಿ ಫೋಟೋ ಇದೆಯೇನೋ ನೋಡಮ್ಮ’ ಅಂತ ತಾವೇ ಹುಡುಕಿಕೊಡುತ್ತಾರೆ. ಎಪ್ಪತ್ತು ಜನರ ನಡುವೆ ಮಿಷನ್ ಹಿಡಿದು ಬಗ್ಗಿ ಬಗ್ಗಿ ನಡೆಯುವ ಅವರ ಸೊಂಟದ ಗತಿ ಏನು? ಹತ್ತುವವರು ಇಷ್ಟು ಹೆಚ್ಚಿದ ಮೇಲೆ ನಮ್ಮ ದಾರಿಗೆ ಬಸ್ಸು ಮಾತ್ರ ಮೊದಲು ಎಷ್ಟಿದ್ದವೋ ಅಷ್ಟೇ ಇವೆ. ಟಿಕೆಟ್‌ನ ದುಡ್ಡನ್ನು ಬಜೆಟ್ಟಿನಲ್ಲಿ ಇಟ್ಟವರು ಸಂಜೆ ಆರೂವರೆಗೆ ಒಂದು ಹೆಚ್ಚಿನ ಬಸ್ಸನ್ನೂ ಇಡಬೇಕಿತ್ತು.

ಬಜೆಟ್ ಅಂದೆನಲ್ಲ, ಅದು ಗೊತ್ತಾದದ್ದು ನಮ್ಮ ಪಂಚಾಯಿತಿಯ ಮಹಿಳಾ ಗ್ರಾಮಸಭೆಯಲ್ಲಿ. ತರಬೇತಿ ಕೊಡಲು ಬಂದ ಮೇಡಂ ಒಂದು ಪುಸ್ತಕ ತೋರಿಸಿದರು: ಮಹಿಳಾ ಉದ್ದೇಶಿತ ಆಯವ್ಯಯ, ಅಂದರೆ ಬಜೆಟ್ಟಿನಲ್ಲಿ ಹೆಂಗಸರ ಪಾಲು ಎಷ್ಟು ಅನ್ನುವ ಲೆಕ್ಕ. ಕೇಂದ್ರ ಸರ್ಕಾರ 2005-06ರಿಂದ ಇಂಥ ಲೆಕ್ಕ ಕೊಡುತ್ತಿದೆ, ನಮ್ಮ ರಾಜ್ಯದಲ್ಲೂ ಹದಿನೈದು ವರ್ಷಕ್ಕೂ ಮೇಲಿನಿಂದ ಇದೆಯಂತೆ. ಪೂರ್ತಿ ಹೆಂಗಸರಿಗೇ ಇರುವ ಯೋಜನೆ ಒಂದು ಪಟ್ಟಿ, ನೂರಕ್ಕೆ 30ರಿಂದ 99ರಷ್ಟು ಹೆಂಗಸರಿಗೆ ಹೋಗುವವು ಇನ್ನೊಂದು. 2025-26ರಲ್ಲಿ ಶಕ್ತಿಗೆ 5,300 ಕೋಟಿ, ತಿಂಗಳಿಗೆ 2,000 ಕೊಡುವ ಗೃಹಲಕ್ಷ್ಮಿಗೆ 28,608 ಕೋಟಿ ಇಟ್ಟಿದ್ದಾರೆ. ಇಷ್ಟೊಂದು ಸೊನ್ನೆ ನಾನು ಬರೆದೇ ನೋಡಿರಲಿಲ್ಲ.

ನಾನು ಎದ್ದು ಒಂದು ಕೇಳಿದೆ: ‘ಮೇಡಂ, ಹ್ಯಾಂಡ್ ಪೋಸ್ಟಿನ ದೀಪ ಯಾವ ಪಟ್ಟಿಯಲ್ಲಿದೆ?’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೀದಿದೀಪ ಎಲ್ಲರಿಗೂ ಸೇರಿದ್ದು, ಹೆಂಗಸರ ಪಟ್ಟಿಗೆ ಬರುವುದಿಲ್ಲ ಅಂದರು. ಬಸ್ ನಿಲ್ದಾಣದ ಸೂರೂ ಎಲ್ಲರಿಗೂ, ಮೂತ್ರಾಲಯವೂ ಎಲ್ಲರಿಗೂ. ಆದರೆ ಕತ್ತಲಲ್ಲಿ ಆ ಒಂದೂವರೆ ಕಿಲೋಮೀಟರ್ ನಡೆಯಲು ಹೆದರಿ ಐದು ಗಂಟೆಗೇ ಕೆಲಸ ಬಿಟ್ಟು ಬರುವವರು ಯಾರು? ಪೇಟೆಯಲ್ಲಿ ಬೆಳಗ್ಗೆಯಿಂದ ಒಂದು ಲೋಟ ನೀರೂ ಕುಡಿಯದೆ ಓಡಾಡುವವರು ಯಾರು? ಗಂಡಸರು ಬೈಕಿನಲ್ಲಿ ಬರುತ್ತಾರೆ. ದೀಪ ನಮಗೇ ಬೇಕಾದದ್ದು.

ಉಡುಪಿ ಕಡೆಗೆ ಕೊಟ್ಟಿರುವ ನನ್ನ ತಂಗಿಗೆ ಇದರಲ್ಲಿ ಇಷ್ಟೂ ಸಿಕ್ಕಿಲ್ಲ. ಅಲ್ಲಿ ಓಡಾಡುವುದು ಹೆಚ್ಚಾಗಿ ಖಾಸಗಿ ಬಸ್ಸು, ದಿನಾ ದುಡ್ಡು ಕೊಟ್ಟೇ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ. ಫೋನಿನಲ್ಲಿ ನಾನು ಬಸ್ಸಿನ ಮಾತೆತ್ತಿದರೆ ‘ನಿಮ್ಮ ಕಡೆಯವರು ಪುಣ್ಯವಂತರು ಬಿಡಕ್ಕ’ ಅನ್ನುತ್ತಾಳೆ. ನನಗೆ ಹೊಟ್ಟೆ ಚುರುಕ್ ಅನ್ನುತ್ತದೆ. ಒಂದೇ ರಾಜ್ಯ, ಒಂದೇ ತಾಯಿಯ ಮಕ್ಕಳು.

ಐದಕ್ಕೆ ನಾಲ್ಕು ಕೊಡುತ್ತೇನೆ, ಮನಸಾರೆ. ನನ್ನ ಕೂಲಿಯನ್ನು ನನಗೇ ತೋರಿಸಿಕೊಟ್ಟ ಸೇವೆ ಇದು. ಇದನ್ನು ಬಿಟ್ಟಿ ಭಾಗ್ಯ ಅನ್ನುವವರು ಒಂದು ದಿನ ಏಳೂ ಹತ್ತರ ಬಸ್ಸು ಹತ್ತಲಿ: ಗಾರ್ಮೆಂಟ್ಸಿಗೆ ಹೋಗುವವರು, ಹೂವಿನ ಬುಟ್ಟಿಯವರು, ಆಸ್ಪತ್ರೆಗೆ ಹೊರಟವರು, ಕಾಲೇಜು ಹುಡುಗಿಯರು ಎಲ್ಲರೂ ಸಿಗುತ್ತಾರೆ.

ಉಳಿದ ಒಂದು ಅಂಕ ಸಂಜೆಯ ಬಸ್ಸಿನದು. ಹ್ಯಾಂಡ್ ಪೋಸ್ಟಿಗೆ ಪಂಚಾಯಿತಿಯವರು ಈ ಯುಗಾದಿ ಹೊತ್ತಿಗೆ ದೀಪ ಹಾಕಿಸಿದರು. ಆರೂವರೆ ಬಸ್ಸಿಗಾಗಿ ನಾವು 43 ಜನ ಸಹಿ ಮಾಡಿ ಅರ್ಜಿ ಕೊಟ್ಟಿದ್ದೇವೆ. ಸ್ವೀಕೃತಿಯ ಸೀಲು ಇರುವ ಪ್ರತಿ ನನ್ನ ದಾರದ ಡಬ್ಬಿಯಲ್ಲಿದೆ. ಸೋಮವಾರ ಸೀರೆ ಕೊಡಲು ಹೋದಾಗ ಇನ್ನೊಮ್ಮೆ ಕೇಳಿಬರುತ್ತೇನೆ.