ಹಳೆಯ ಮಡಿಸುವ ಚಾಕು ಕೊಳ್ಳುವವರೇ, ಸಣ್ಣ ಅಲಗಿನ ಹಿಂಬದಿ ನೋಡದೆ ಹಣ ಕೊಡಬೇಡಿ

ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಹನ್ನೊಂದು ವರ್ಷಗಳಿಂದ ಹಳೆಯ ಜೇಬುಚಾಕುಗಳನ್ನು ಕೂಡಿಡುತ್ತಾ ಬಂದವನು ನಾನು. ಹೊಸಬರು ಕೇಳಿದಾಗಲೆಲ್ಲ 'ಮುದ್ರೆ ನೋಡಿ, ಅಲಗನ್ನು ಹಿಡಿಗೆ ಬಿಗಿಯುವ ರಿವೆಟ್ ನೋಡಿ, ಆಮೇಲೆ ಹಣದ ಮಾತಾಡಿ' ಎಂದು ಹೇಳಿಕೊಡುತ್ತಿದ್ದವನು ನಾನು. ಅಂಥವನೇ ಮೋಸಹೋದೆ. ಒಬ್ಬನೇ ಮನುಷ್ಯನಿಂದ, ಒಂದೇ ಚಾಕುವಿನಲ್ಲಿ, ಎರಡು ಸಲ! ಮೊದಲನೆಯದನ್ನಾದರೂ ಹೇಗೋ ನುಂಗಿಕೊಂಡಿದ್ದೇನೆ. ಎರಡನೆಯದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅದು ಎರಡು ಅಲಗಿನ ಶೆಫೀಲ್ಡ್ ಚಾಕು, ಚಾಕುಗಳಿಗೆ ಹೆಸರಾದ ಇಂಗ್ಲೆಂಡಿನ ಊರಿನದು. ದೊಡ್ಡ ಅಲಗಿನ ಬುಡದಲ್ಲಿ ಅಲ್ಲಿನ ಹೆಸರಾಂತ ತಯಾರಕರಾದ ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಮುದ್ರೆ. ಮಾರುವವನ ವಿವರಣೆ ಹೀಗಿತ್ತು: "1880ರ ದಶಕದ್ದು, ಕೊಂಬಿನ ಹಿಡಿ, ಎಲ್ಲ ಭಾಗಗಳೂ ಮೂಲದವು, ಯಾರೂ ಕೈಯಾಡಿಸಿಲ್ಲ." ಇಂಥ ಮಾತನ್ನು ನಂಬುವವನಲ್ಲ ನಾನು. ರಾಜರ್ಸ್ ಹೆಸರನ್ನು ಹತ್ತೊಂಬತ್ತನೆಯ ಶತಮಾನದಿಂದಲೇ ಕಂಡಕಂಡವರೆಲ್ಲ ನಕಲು ಹೊಡೆದಿದ್ದಾರೆ ಎಂಬುದು ಈ ಹವ್ಯಾಸದ ಎಲ್ಲರಿಗೂ ಗೊತ್ತು. ಹಾಗಾಗಿ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ. ರಾಜರ್ಸ್ ಗುರುತಾದ ನಕ್ಷತ್ರ ಮತ್ತು ಶಿಲುಬೆ ಸರಿಯಾಗಿದ್ದವು. 'ವಿ' ಮತ್ತು 'ಆರ್' ನಡುವೆ ಕಿರೀಟವಿತ್ತು, ಎಂದರೆ ವಿಕ್ಟೋರಿಯಾ ರಾಣಿಯ ಕಾಲ, 1901ಕ್ಕಿಂತ ಮೊದಲು. 'ಇಂಗ್ಲೆಂಡ್' ಎಂಬ ಪದ ಇರಲಿಲ್ಲ. ಅಮೆರಿಕ 1890ರಲ್ಲಿ ಮೆಕಿನ್ಲಿ ಸುಂಕ ಕಾಯ್ದೆ ತಂದು, ಹೊರಗಿನಿಂದ ಬರುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕೆಂದ ಮೇಲೆ ಶೆಫೀಲ್ಡ್ ಚಾಕುಗಳಲ್ಲಿ ಆ ಪದ ಹೆಚ್ಚಾಗಿ ಕಾಣಿಸಿಕೊಂಡಿತು. ಅದು ಇಲ್ಲ ಎಂದರೆ 1880ರ ದಶಕ ಎನ್ನುವುದಕ್ಕೆ ಅಡ್ಡಿಯಿಲ್ಲ.

ಎಲ್ಲವೂ ಸರಿಯಾಗಿತ್ತು. ಇವತ್ತಿಗೂ ಹೇಳುತ್ತೇನೆ, ಆ ದೊಡ್ಡ ಅಲಗು ಅಸಲಿಯೇ. ಮೋಸ ನಡೆದದ್ದೇ ಹಾಗೆ. ಒಂದು ಸತ್ಯವನ್ನು ಮುಂದಿಟ್ಟು ಅದರ ಬೆನ್ನಿಗೆ ಎರಡು ಸುಳ್ಳನ್ನು ಕಟ್ಟಿ ಕಳುಹಿಸಿದ್ದ.

ಸಣ್ಣ ಅಲಗಿನ ಹಿಂಬದಿಯ ಚಿತ್ರವನ್ನು ನಾನು ಕೇಳಿದ್ದೆ. ಇದನ್ನು ಮುಖ್ಯವಾಗಿ ಹೇಳಬೇಕು, ಕೇಳಿದ್ದೆ. ಆತ ಏಳು ಚಿತ್ರ ಕಳುಹಿಸಿದ. ಏಳರಲ್ಲೂ ಸಣ್ಣ ಅಲಗು ಅರ್ಧ ತೆರೆದಿದೆ, ಏಳರಲ್ಲೂ ಮುಂಬದಿಯೇ. ಹಿಂಬದಿ ಎಲ್ಲಿ ಎಂದರೆ, "ಅಲ್ಲಿ ಏನೂ ಇಲ್ಲ, ಖಾಲಿ. ಇನ್ನೊಬ್ಬರು ಬೆಳಿಗ್ಗೆಯಿಂದ ಕೇಳುತ್ತಿದ್ದಾರೆ, ಬೇಗ ತಿಳಿಸಿ" ಎಂದ. ಇನ್ನೊಬ್ಬರು ಕೇಳುತ್ತಿದ್ದಾರೆ! ಈ ಮಾತು ಎಷ್ಟು ಹಳೆಯದು ಎಂದು ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ಎರಡನೆಯ ಸಲ ಕೇಳಲಿಲ್ಲ. ಆ ಕಿರೀಟದ ಮುದ್ರೆ ಕೈತಪ್ಪಿ ಹೋದೀತು ಎಂಬ ಆತಂಕದಲ್ಲಿ ಅರ್ಧ ಗಂಟೆಯೊಳಗೆ ಪೂರ್ತಿ ಹಣ ಕಳುಹಿಸಿಬಿಟ್ಟೆ.

ಚಾಕು ಬಂತು. ದೊಡ್ಡ ಅಲಗು ತೆರೆದರೆ ಕೊನೆಯಲ್ಲಿ ಟಕ್ ಎಂದು ಕೂರುತ್ತದೆ, ಬೆನ್ನಿನ ಸ್ಪ್ರಿಂಗ್ ಇನ್ನೂ ಗಟ್ಟಿ. ಸಣ್ಣದಕ್ಕೆ ಆ ಸದ್ದೇ ಇಲ್ಲ. ಮಡಿಸಿದಾಗ ಅದು ಹಿಡಿಯೊಳಗಿನ ಹಿತ್ತಾಳೆ ತಗಡಿನಿಂದ ಎಷ್ಟು ಕೆಳಗಿಳಿಯುತ್ತಿತ್ತೆಂದರೆ, ತೆರೆಯಲು ಉಗುರು ಸಿಕ್ಕಿಸುವ ಗೀರು ಅರ್ಧ ಮುಚ್ಚಿಹೋಗುತ್ತಿತ್ತು. ಆ ಕಾರ್ಖಾನೆಯಿಂದ ಅಂಥ ಕೆಲಸ ಹೊರಗೆ ಬರುತ್ತಿರಲಿಲ್ಲ. ಆದರೂ ನೂರು ವರ್ಷ ಮೀರಿದ ವಸ್ತು, ಸವೆದಿರಬೇಕು ಎಂದು ನಾನೇ ನನಗೆ ಸಮಾಧಾನ ಹೇಳಿಕೊಂಡೆ. ಗೆಳೆಯರಿಗೆ ತೋರಿಸಿದೆ. 'ಕೊಂಬಿನೊಳಗೆ ಬೆಳಕು ಹೇಗೆ ಹಾಯುತ್ತದೆ ನೋಡಿ' ಎಂದೆ. ಆ ಮಾತು ಈಗ ನೆನಪಾದರೆ ಮುಖ ಎತ್ತಲಾಗುವುದಿಲ್ಲ.

ಐದನೆಯ ದಿನ ಸಂಜೆ ಹಿಡಿಯ ಮೇಲಿನ ಕೊಳೆ ತೆಗೆಯಲೆಂದು ಒಣ ಹತ್ತಿ ಬಟ್ಟೆ ಹಿಡಿದು ಕೂತೆ. ಒಂದು ಕಲೆ ಹೋಗಲಿಲ್ಲ, ಹೆಬ್ಬೆರಳಿನಿಂದ ಬಲವಾಗಿ ಉಜ್ಜಿದೆ. ಹಿಡಿ ಬೆಚ್ಚಗಾಯಿತು. ಕಣ್ಣಿಗೆ ಹತ್ತಿರ ಹಿಡಿದಾಗ ಮೂಗಿಗೆ ಏನೋ ಬಡಿಯಿತು. ಕರ್ಪೂರ. ಕೈಗೆ ಏನಾದರೂ ಅಂಟಿದೆಯೇ ಎಂದು ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದು ಬಂದೆ. ಮತ್ತೆ ಉಜ್ಜಿದೆ. ಮತ್ತೆ ಕರ್ಪೂರ, ಸಂದೇಹವೇ ಇಲ್ಲದಷ್ಟು ಸ್ಪಷ್ಟವಾಗಿ.

ಬಲ್ಲವರಿಗೆ ಇಷ್ಟು ಸಾಕು. ಕೊಂಬು ಕರ್ಪೂರದ ವಾಸನೆ ಕೊಡುವುದಿಲ್ಲ, ಸೆಲ್ಯುಲಾಯ್ಡ್ ಕೊಡುತ್ತದೆ. ಅದನ್ನು ತಯಾರಿಸುವುದೇ ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿ. ನಾನು ಕೊಂಬೆಂದು ಐದು ದಿನ ಮೆರೆಸಿದ್ದು ಕೊಂಬಿನ ಬಣ್ಣ ಹಾಕಿದ ಪ್ಲಾಸ್ಟಿಕ್.

ಆಗ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ತೆಗೆದೆ. ಮೊದಲೇ ತೆಗೆಯಬೇಕಿತ್ತು. ದೀಪವನ್ನು ಪಕ್ಕಕ್ಕೆ ಇಟ್ಟು, ಬೆಳಕು ಓರೆಯಾಗಿ ಬೀಳುವಂತೆ ಮಾಡಿ, ಸಣ್ಣ ಅಲಗಿನ ಬುಡದ ಹಿಂಬದಿ ನೋಡಿದೆ. 'ಖಾಲಿ' ಎಂದಿದ್ದನಲ್ಲ, ಆ ಜಾಗ. ಸವೆದ ಅಕ್ಷರಗಳು. ಮೊದಲಿನವು ಅಳಿಸಿಹೋಗಿದ್ದವು, ಕೊನೆಯ ಐದು ಉಳಿದಿದ್ದವು: ಐ, ಎನ್, ಜಿ, ಇ, ಎನ್. ಜೋಲಿಂಗೆನ್, ಚಾಕುಗಳಿಗೆ ಹೆಸರಾದ ಜರ್ಮನಿಯ ಊರು! ಜರ್ಮನಿಯ ಅಲಗನ್ನು ಶೆಫೀಲ್ಡ್ ಚಾಕುವಿಗೆ ತುರುಕಿದ್ದಾರೆ. ರಿವೆಟ್ ಸಹ ಹೊಸದು. ಹಳೆಯ ಕೆಲಸಗಾರರು ರಿವೆಟ್‌ನ ತಲೆಯನ್ನು ಬಡಿದು, ಉಜ್ಜಿ, ಸುತ್ತಲಿನ ಲೋಹದಲ್ಲಿ ಎಲ್ಲಿದೆಯೆಂದೇ ಕಾಣದಂತೆ ಮಾಡುತ್ತಿದ್ದರು. ಇಲ್ಲಿ ಅದರ ಸುತ್ತ ಬೆಳ್ಳಗಿನ ಉಂಗುರ ಎದ್ದು ಕಾಣುತ್ತಿತ್ತು.

ಒಂದು ಮಾತು ಸ್ಪಷ್ಟವಾಗಿರಲಿ. ರಿಪೇರಿ ಮಾಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನಾನೂ ಒಡೆದ ಹಿಡಿಗಳನ್ನು ಬದಲಿಸುತ್ತೇನೆ. ಬದಲಿಸಿದಾಗಲೆಲ್ಲ ಹಿತ್ತಾಳೆ ತಗಡಿನ ಒಳಮೈಯಲ್ಲಿ ಮೊಳೆಯಿಂದ ಇಸವಿ ಗೀಚಿಡುತ್ತೇನೆ, ಮುಂದೆ ಬಿಚ್ಚುವವನಿಗೆ ತಿಳಿಯಲಿ ಎಂದು. ಈತ ಮುಚ್ಚಿಟ್ಟು ಮಾರಿದ. ನನ್ನ ಸಿಟ್ಟು ಅದಕ್ಕೆ.

ಆತನ ಉತ್ತರಗಳನ್ನು ಇದ್ದ ಹಾಗೆಯೇ ಕೊಡುತ್ತೇನೆ. ಮೊದಲ ಉತ್ತರ: "ಹಳೆಯ ವಸ್ತು ಎಂದರೆ ಹೀಗೆಯೇ ಇರುತ್ತದೆ." ಹಿಡಿಯ ಬಗ್ಗೆ ಕೇಳಿದರೆ: "ಸೆಲ್ಯುಲಾಯ್ಡ್ 1870ರಿಂದಲೇ ಇದೆ, ನಿಮಗೆ ಗೊತ್ತಿಲ್ಲವೇ?" ಗೊತ್ತಿದೆ, ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿದ್ದು ಆ ವರ್ಷವೇ. ಆದರೆ ನೀನು ಬರೆದದ್ದು ಕೊಂಬು ಎಂದು! ಅದಕ್ಕೆ: "ಕೊಂಬಿನಂಥ ಹಿಡಿ ಎಂಬ ಅರ್ಥದಲ್ಲಿ ಬರೆದಿದ್ದೆ." ಜರ್ಮನಿಯ ಅಲಗಿನ ಬಗ್ಗೆ: "ನೀವು ಚಿತ್ರ ನೋಡಿಯೇ ತೆಗೆದುಕೊಂಡಿರಿ." ಯಾವ ಚಿತ್ರ? ಹಿಂಬದಿಯ ಚಿತ್ರವನ್ನು ಕೊಟ್ಟಿದ್ದರಲ್ಲವೇ ನೋಡುವುದು?

ನಾನು ಬಿಡಲಿಲ್ಲ. ಕೊನೆಗೆ ದನಿ ಬದಲಾಯಿತು. "ಬೇಸರ ಮಾಡಿಕೊಳ್ಳಬೇಡಿ. ಚಾಕು ಕಳುಹಿಸಿ, ಆ ಅಕ್ಷರ ಇದ್ದರೆ ಪೂರ್ತಿ ಹಣ ವಾಪಸು." ಎಷ್ಟು ನ್ಯಾಯವಾಗಿ ಕಂಡಿತು ಆ ಮಾತು! ಅಂದೇ ಕಳುಹಿಸಿದೆ. ಬುಡದ ಹಿಂಬದಿಯ ಒಂದೇ ಒಂದು ಚಿತ್ರ ತೆಗೆದಿಟ್ಟುಕೊಳ್ಳದೆ ಕಳುಹಿಸಿದೆ. ಹನ್ನೊಂದು ವರ್ಷದ ಅನುಭವ ಎಲ್ಲಿಗೆ ಹೋಗಿತ್ತೋ.

ಮೂರು ವಾರ ಸದ್ದಿಲ್ಲ. ಆಮೇಲೆ ಹಣ ಬರಲಿಲ್ಲ, ಚಾಕುವೇ ಬಂತು. ಪೊಟ್ಟಣ ಬಿಚ್ಚಿದರೆ ಕನ್ನಡಿಯಂತೆ ಹೊಳೆಯುತ್ತಿದೆ. ಎರಡೂ ಅಲಗುಗಳನ್ನು ಪಾಲಿಶ್ ಚಕ್ರಕ್ಕೆ ಹಿಡಿದಿದ್ದಾನೆ. ಸಣ್ಣ ಅಲಗಿನ ಹಿಂಬದಿ ಈಗ ನಿಜವಾಗಿಯೂ ಖಾಲಿ. ಐದು ಅಕ್ಷರಗಳ ಗುರುತೂ ಇಲ್ಲ, ಉಜ್ಜಿ ಉಜ್ಜಿ ಅಲ್ಲೊಂದು ಸಣ್ಣ ತಗ್ಗೇ ಬಿದ್ದಿದೆ. ಆ ಅಲಗಿನ ತುದಿ ನೀಲಿಗಟ್ಟಿದೆ. ಚಕ್ರದ ಬಿಸಿಗೆ ಉಕ್ಕು ನೀಲಿಯಾಯಿತೆಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ತಲುಪಿದೆ, ಅಲ್ಲಿಗೆ ಅದರ ಹದ ಕೆಟ್ಟಿತು. ಎಷ್ಟು ಸಾಣೆ ಹಿಡಿದರೂ ಆ ತುದಿಯಲ್ಲಿ ಹರಿತ ಇನ್ನು ನಿಲ್ಲದು. ಅದಾದರೂ ಹೋಗಲಿ, ಹೇಗಿದ್ದರೂ ಬೇರೆ ಚಾಕುವಿನ ಅಲಗು. ಆದರೆ ದೊಡ್ಡ ಅಲಗು? ಚಾಕುವಿನಲ್ಲಿ ಉಳಿದಿದ್ದ ಒಂದೇ ಸತ್ಯ ಅದು. ನೂರಿಪ್ಪತ್ತು ವರ್ಷ ದಾಟಿ ಬಂದ ಕಿರೀಟ ಈಗ ಒಂದು ಮಸುಕು ಚುಕ್ಕೆ. ಬೆರಳಿಗೆ ಸಿಗುತ್ತಿದ್ದ ನಕ್ಷತ್ರದ ಅಂಚು ಸಿಗುತ್ತಿಲ್ಲ. ಕರಿಬೂದು ಬಣ್ಣಕ್ಕೆ ತಿರುಗಿದ್ದ ಹಳೆಯ ಉಕ್ಕಿನ ಮೈಯೇ ಹೊರಟುಹೋಗಿದೆ. ಹಣ ಹೋದದ್ದಕ್ಕಿಂತ ಇದು ಹೆಚ್ಚು ನೋಯಿಸಿತು. ಹಣವನ್ನು ಮತ್ತೆ ದುಡಿಯಬಹುದು, ಆ ಕಿರೀಟವನ್ನು ಯಾರು ತಂದುಕೊಡುತ್ತಾರೆ?

ಜೊತೆಗೆ ಬಂದ ಸಂದೇಶ: "ನೀವು ಹೇಳಿದ ಅಕ್ಷರ ನನಗೆ ಎಲ್ಲೂ ಕಾಣಲಿಲ್ಲ. ಉಚಿತವಾಗಿ ಪಾಲಿಶ್ ಮಾಡಿದ್ದೇನೆ. ಇದ್ದರೆ ನೀವೇ ತೋರಿಸಿ."

ಸಾಕ್ಷಿಯನ್ನು ನನ್ನ ಕೈಯಿಂದಲೇ ತರಿಸಿಕೊಂಡು, ಅಳಿಸಿ, ನನಗೇ ಹಿಂದಿರುಗಿಸಿ, ತೋರಿಸಿ ಎನ್ನುತ್ತಾನೆ. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಇನ್ನೂ ಒಂದು ನಷ್ಟ ಇದೆ. ಬೇಸರಕ್ಕೆ ಆ ಚಾಕುವನ್ನು ಉಳಿದವುಗಳ ಪೆಟ್ಟಿಗೆಯಲ್ಲೇ ಎಸೆದು ಮುಚ್ಚಿಟ್ಟಿದ್ದೆ. ನಾಲ್ಕು ತಿಂಗಳ ಮೇಲೆ ತೆರೆದರೆ ಪಕ್ಕದಲ್ಲಿದ್ದ ಎರಡು ಒಳ್ಳೆಯ ಚಾಕುಗಳಿಗೆ ತುಕ್ಕಿನ ಚುಕ್ಕೆ ಎದ್ದಿದೆ. ಕೆಡುತ್ತಿರುವ ಸೆಲ್ಯುಲಾಯ್ಡ್ ಆಮ್ಲದ ಆವಿ ಬಿಡುತ್ತದೆ, ಅದು ಅಕ್ಕಪಕ್ಕದ ಉಕ್ಕನ್ನೂ ತಿನ್ನುತ್ತದೆ. ಅಂಥ ಹಿಡಿಯ ಚಾಕುಗಳನ್ನು ಬೇರೆಯಾಗಿ, ಗಾಳಿಯಾಡುವ ಕಡೆ ಇಡಿ. ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷೆ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ. ಹೆಬ್ಬೆರಳಿನಿಂದ ಉಜ್ಜಿ ಮೂಸಿದರೆ ಸಾಕು.

ಉಳಿದದ್ದು ಇಷ್ಟೇ. ಪ್ರತಿ ಅಲಗಿನ ಬುಡದ ಎರಡೂ ಬದಿಯ ಚಿತ್ರ ಕೇಳಿ, ಕೊಡದಿದ್ದರೆ ಅಲ್ಲಿಗೇ ಬಿಡಿ. ಚಾಕು ಕೈಗೆ ಬಂದ ದಿನವೇ ಎಲ್ಲ ಮುದ್ರೆಗಳ ಚಿತ್ರ ತೆಗೆದಿಡಿ. ಮಾರಿದವನಿಗೆ ಹಿಂದೆ ಕಳುಹಿಸುವ ಮೊದಲು ಇನ್ನೊಮ್ಮೆ ತೆಗೆದಿಡಿ. 'ಪಾಲಿಶ್ ಮಾಡಿಕೊಡುತ್ತೇನೆ' ಎನ್ನುವವನ ಕೈಗೆ ಹಳೆಯ ಚಾಕುವನ್ನು ಎಂದಿಗೂ ಕೊಡಬೇಡಿ.

ಕಳೆದ ವಾರ ಅದೇ ಮನುಷ್ಯ ಇನ್ನೊಂದು ಚಾಕುವನ್ನು ಮಾರಾಟಕ್ಕೆ ಇಟ್ಟಿದ್ದಾನೆ. ಮತ್ತೆ 'ಕೊಂಬಿನ ಹಿಡಿ, ಎಲ್ಲ ಭಾಗಗಳೂ ಮೂಲದವು'. ಮತ್ತೆ ಸಣ್ಣ ಅಲಗು ಅರ್ಧ ತೆರೆದಿದೆ, ಮುಂಬದಿ ಮಾತ್ರ. ಗೆಳೆಯರೊಬ್ಬರ ಮೂಲಕ ಹಿಂಬದಿಯ ಚಿತ್ರ ಕೇಳಿಸಿದೆ. "ಅಲ್ಲಿ ಏನೂ ಇಲ್ಲ, ಖಾಲಿ" ಎಂಬ ಉತ್ತರ ನಿನ್ನೆ ಬಂದಿದೆ.