ಜಿಆರ್86ಗೆ ಹಾಕಿಸಿದ ಕ್ಯಾಟ್‌ಬ್ಯಾಕ್ ಸೈಲೆನ್ಸರ್: ಎರಡು ವರ್ಷ ಓಡಿಸಿದ ಮೇಲೆ

ಸದ್ದಿಗೆ ಹತ್ತಕ್ಕೆ ಎಂಟು. ಪವರ್‌ಗೆ ಒಂದು. ದಿನಾ ಹೈವೇ ಮೇಲೆ ಓಡಾಡುವುದಕ್ಕೆ, ಡಬ್ಬದಿಂದ ತೆಗೆದ ಹಾಗೇ ಹಾಕಿಕೊಂಡರೆ ಮೂರು. ಆಮೇಲೆ ಮಾಡಿಸಿದ ಒಂದು ಬದಲಾವಣೆಯಿಂದ ಈಗ ಏಳಕ್ಕೆ ಬಂದಿದೆ. ಆ ಮೂರರಿಂದ ಏಳರ ಕಥೆಯೇ ಇಲ್ಲಿ ಮುಖ್ಯ.

ಕಾರು 2022ರ ಟೊಯೋಟಾ ಜಿಆರ್86, ಮ್ಯಾನುವಲ್ ಗೇರ್. ಇರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಹಾಕಿಸಿದ್ದು ಸ್ಟೇನ್‌ಲೆಸ್ ಸ್ಟೀಲಿನ ಕ್ಯಾಟ್‌ಬ್ಯಾಕ್ ಸಿಸ್ಟಮ್. ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಡಬ್ಬ, ಚಿಕ್ಕದಾಗಿ ಕ್ಯಾಟ್) ಆದ ಮೇಲಿನ ಪೈಪು, ಸೈಲೆನ್ಸರ್, ತುದಿ, ಎಲ್ಲವೂ ಹೊಸದು. 1,300 ಡಾಲರ್ ಕೊಟ್ಟೆ, ಕೂರಿಸಿದ್ದಕ್ಕೆ 250 ಬೇರೆ. ಕಂಪನಿ ಹೆಸರು ಹಾಕುವುದಿಲ್ಲ. ನಾನು ದೂರುವ ವಿಷಯ ಈ ಬೆಲೆಯ ಬೇರೆ ಸಿಸ್ಟಮ್‌ಗಳಲ್ಲೂ ಕೇಳಿ ನೋಡಿದ್ದೇನೆ.

ಪವರ್ ವಿಷಯ ಬೇಗ ಮುಗಿಸುತ್ತೇನೆ. ಈ ಕಾರಿನ 2.4 ಲೀಟರ್ ಬಾಕ್ಸರ್ ಎಂಜಿನ್ 228 ಹಾರ್ಸ್‌ಪವರ್ ಕೊಡುತ್ತದೆ, ಟರ್ಬೊ ಇಲ್ಲ. ಹೊಗೆಯ ದಾರಿಗೆ ಹೆಚ್ಚು ಅಡ್ಡ ಬರುವುದು ಮುಂದಿರುವ ಕ್ಯಾಟ್‌ಗಳು. ಅವನ್ನು ಮುಟ್ಟದೆ ಹಿಂದಿನ ಪೈಪು ಎಷ್ಟು ದಪ್ಪ ಮಾಡಿದರೂ ಸಿಗುವುದು ಅಷ್ಟಕ್ಕಷ್ಟೇ. ಟರ್ಬೊ ಕಾರಾದರೆ ಟರ್ಬೈನ್ ಹಿಂದಿನ ಒತ್ತಡ ಇಳಿದಷ್ಟೂ ಲಾಭ ಇದೆ, ಇಲ್ಲಿ ಅದೂ ಇಲ್ಲ. ತೂಕ ಮಾತ್ರ ಇಳಿಯಿತು. ಹಳೆ ಸೈಲೆನ್ಸರ್ ಇಳಿಸಲು ಇಬ್ಬರು ಬೇಕಾದರು, ಹೊಸದನ್ನು ಒಬ್ಬ ಹುಡುಗ ಎತ್ತಿ ಹಿಡಿದ.

ಸದ್ದು? ಅದು ನಿಜಕ್ಕೂ ಚೆನ್ನಾಗಿದೆ. ಟೊಯೋಟಾದವರು ಈ ಕಾರಿನಲ್ಲಿ ಎಂಜಿನ್ ಸದ್ದನ್ನು ಸ್ಪೀಕರ್ ಮೂಲಕ ಒಳಗೆ ಬಿಡುತ್ತಾರೆ, ಅದು ನನಗೆ ಮೊದಲಿಂದ ಇಷ್ಟವಿಲ್ಲ. ಈಗ ನಿಜವಾದ ಸದ್ದೇ ಹಿಂದಿನಿಂದ ಬರುತ್ತದೆ. 4,500 ಆರ್‌ಪಿಎಂ ದಾಟಿದ ಮೇಲೆ ಒರಟುತನ ಕಳೆದು ಗಂಟಲು ಬಿಚ್ಚುತ್ತದೆ. ಪೆಸಿಫಿಕಾ ಹತ್ತಿರದ ಟಾಮ್ ಲಾಂಟೋಸ್ ಸುರಂಗದಲ್ಲಿ ಕಿಟಕಿ ಇಳಿಸಿ ಮೂರನೇ ಗೇರಿಗೆ ಬಂದರೆ, ಕೊಟ್ಟ ದುಡ್ಡು ವಸೂಲಾಯಿತು ಅನ್ನಿಸುತ್ತದೆ. ಹಳೆ ಸುಬಾರು ಡಬ್ಲ್ಯುಆರ್‌ಎಕ್ಸ್‌ನ ಬುಡುಬುಡು ಸದ್ದು ಬೇಕು ಅನ್ನುವವರಿಗೆ ಇದರಿಂದ ಸಿಗುವುದಿಲ್ಲ. ಆ ಸದ್ದು ಹುಟ್ಟುವುದು ಮುಂದೆ, ಎಂಜಿನ್‌ನಿಂದ ಹೊಗೆ ಹೊರಗೆ ತರುವ, ಉದ್ದ ಸಮವಿಲ್ಲದ ಹೆಡರ್ ಪೈಪುಗಳಲ್ಲಿ.

ಆದರೆ ಸುರಂಗ ಒಂದು ನಿಮಿಷದಲ್ಲಿ ಮುಗಿಯುತ್ತದೆ. ನಾವು ಬದುಕುವುದು ಹೈವೇ ಮೇಲೆ ಅಲ್ವಾ.

ಗಂಟೆಗೆ 70 ಮೈಲಿ ವೇಗ, ಆರನೇ ಗೇರು. ಎಂಜಿನ್ ಹತ್ತಿರ ಹತ್ತಿರ 3,000 ಆರ್‌ಪಿಎಂನಲ್ಲಿರುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ, ಅಂದರೆ ಸೆಕೆಂಡಿಗೆ 100 ಸಲ. ಆ 100 ಹರ್ಟ್ಸ್ ಸದ್ದು ಕಾರಿನೊಳಗೆ ಸಿಕ್ಕಿಕೊಂಡು ಗುಂಯ್ ಅಂತ ಒಂದೇ ಸಮನೆ ತುಂಬಿಕೊಳ್ಳುತ್ತದೆ. ಇದಕ್ಕೇ ಡ್ರೋನ್ ಅನ್ನುವುದು. ಕಿವಿಗಿಂತ ಜಾಸ್ತಿ ಎದೆಗೆ, ಹಲ್ಲಿಗೆ ಗೊತ್ತಾಗುತ್ತದೆ. 280 ಹೈವೇಯ ಏರಿನಲ್ಲಿ ಸ್ವಲ್ಪ ಆಕ್ಸಿಲರೇಟರ್ ಒತ್ತಿದರೆ ಇನ್ನೂ ಬಲವಾಗುತ್ತದೆ. ಐದನೇ ಗೇರಿಗಿಳಿಸಿದರೆ 4,000ಕ್ಕೆ ಹೋಗಿ ಡ್ರೋನ್ ನಿಲ್ಲುತ್ತದೆ, ಪೆಟ್ರೋಲ್ ಕುಡಿಯುವುದು ಶುರುವಾಗುತ್ತದೆ. ಲಾಸ್ ಏಂಜಲೀಸ್‌ಗೆ ಐ-5 ಹೈವೇ ಹಿಡಿದು ಹೋದಾಗ ಅರ್ಧ ದಾರಿಗೇ ತಲೆ ಚಿಟ್ಟು ಹಿಡಿಯಿತು. ಅಲ್ಲಿಂದಾಚೆ ಹೆಂಡತಿಯ ಮಾತು ಒಂದೇ: "ರೀ, ನಂಗೆ ದಾರೀಲಿ ಆಫೀಸ್ ಕಾಲ್ ಇದೆ, ನನ್ನ ಕಾರಲ್ಲೇ ಹೋಗೋಣ."

ಕೊಳ್ಳುವ ಮುಂಚೆ ಇದು ಯಾಕೆ ಗೊತ್ತಾಗುವುದಿಲ್ಲ? ಕಂಪನಿಗಳು ಕೊಡುವ ಡೆಸಿಬೆಲ್ ಲೆಕ್ಕ ಸಾಮಾನ್ಯವಾಗಿ ಡಿಬಿ-ಎ ಅಳತೆಯಲ್ಲಿರುತ್ತದೆ. ಮನುಷ್ಯರ ಕಿವಿಗೆ ಹೊಂದಿಸಿ ಮಾಡಿದ ಆ ಅಳತೆ ತಗ್ಗು ಸ್ವರಗಳನ್ನು ಕಡೆಗಣಿಸುತ್ತದೆ. 100 ಹರ್ಟ್ಸ್‌ನಲ್ಲಿ ಸುಮಾರು 19 ಡೆಸಿಬೆಲ್ ಕಳೆದೇ ತೋರಿಸುತ್ತದೆ. ಫೋನ್ ಆ್ಯಪ್‌ಗಳೂ ಅಷ್ಟೇ. ಯೂಟ್ಯೂಬ್ ವಿಡಿಯೊದಲ್ಲಂತೂ ಫೋನಿನ ಪುಟ್ಟ ಸ್ಪೀಕರ್‌ನಿಂದ ಆ ಸದ್ದು ಹೊರಗೇ ಬರುವುದಿಲ್ಲ. ಹಾಗಾಗಿ ವಿಡಿಯೊ ನೋಡಿ ಆರ್ಡರ್ ಮಾಡಬೇಡಿ. ಅದೇ ಸಿಸ್ಟಮ್ ಇರುವ ಯಾರದಾದರೂ ಕಾರಿನಲ್ಲಿ ಅರ್ಧ ಗಂಟೆ ಹೈವೇಯಲ್ಲಿ ಕೂತು ಬನ್ನಿ. ಊರೊಳಗೆ ಒಂದು ರೌಂಡ್ ಹೊಡೆದರೆ ಏನೂ ತಿಳಿಯುವುದಿಲ್ಲ.

ಸರಿಮಾಡಿಸಿದ್ದು ಹೀಗೆ. ಪೈಪಿನ ಪಕ್ಕಕ್ಕೆ ಒಂದು ಕವಲು ಬೆಸೆದು, ಅದರ ಕೊನೆ ಮುಚ್ಚುತ್ತಾರೆ. ಜೆ-ಪೈಪ್ ಅನ್ನುತ್ತಾರೆ. ಸದ್ದು ಅದರೊಳಗೆ ಹೋಗಿ, ಮುಚ್ಚಿದ ಕೊನೆಗೆ ಬಡಿದು, ತಿರುಗಿ ಬರುವಾಗ ಎದುರಾದ ಸದ್ದಿಗೆ ಉಲ್ಟಾ ಬಿದ್ದು ಎರಡೂ ಅಡಗುತ್ತವೆ. ಕವಲಿನ ಉದ್ದ ಆ ಸ್ವರದ ಅಲೆಯ ಕಾಲು ಭಾಗ ಇರಬೇಕು. 100 ಹರ್ಟ್ಸ್‌ಗೆ, ಬಿಸಿ ಹೊಗೆಯಲ್ಲಿ, ಒಂದು ಮೀಟರಿನ ಮೇಲೇ ಬೇಕು. ಈ ಕಾರಿನ ಕೆಳಗೆ ಅಷ್ಟು ಜಾಗ ಹುಡುಕುವುದೇ ದೊಡ್ಡ ಕೆಲಸ. ವೆಲ್ಡಿಂಗ್ ಮಾಡಿದವರು ಅದನ್ನು ಬಗ್ಗಿಸಿ ಪೈಪಿನ ಪಕ್ಕದಲ್ಲೇ ಮಲಗಿಸಿದರು. 300 ಡಾಲರ್ ಆಯಿತು. ಡ್ರೋನ್ ಪೂರ್ತಿ ಹೋಗಿಲ್ಲ, ಆದರೆ ಪಕ್ಕದವರ ಜೊತೆ ಮಾತಾಡಬಹುದು. ಮೇಲಿನ ಆರ್‌ಪಿಎಂನ ಸದ್ದು ಹಾಗೇ ಉಳಿದಿದೆ. 1,300 ಡಾಲರಿನ ಸಿಸ್ಟಮ್‌ನಲ್ಲಿ ಇದನ್ನು ಕಂಪನಿಯವರೇ ಕೊಡಬೇಕಿತ್ತು ಅನ್ನುವ ಸಿಟ್ಟು ಇನ್ನೂ ಇದೆ.

ಕೂರಿಸುವ ಕೆಲಸದ ಬಗ್ಗೆ. ಹೇಳಿಕೊಳ್ಳುವುದಕ್ಕೆ ಬರೀ ಬೋಲ್ಟು, ಕ್ಲ್ಯಾಂಪು, ರಬ್ಬರ್ ಹ್ಯಾಂಗರ್. ರಬ್ಬರಿಗೆ ಸೋಪಿನ ನೀರು ಹಚ್ಚಿದರೆ ಸಲೀಸಾಗಿ ಜಾರುತ್ತದೆ. ಮೊದಲು ಎಲ್ಲವನ್ನೂ ಸಡಿಲವಾಗಿ ನೇತುಹಾಕಿ, ಹಿಂದಿನ ತುದಿಗಳನ್ನು ಬಂಪರ್ ಮಧ್ಯಕ್ಕೆ ಸರಿಹೊಂದಿಸಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತಾ ಬರಬೇಕು. ನಾನು ಕೊಟ್ಟ ಅಂಗಡಿಯಲ್ಲಿ ಒಂದೊಂದಾಗಿ ಬಿಗಿದುಕೊಂಡೇ ಹೋದರು. ಎಡಗಡೆ ತುದಿ ಬಂಪರಿಗೆ ತಾಗುವಷ್ಟು ಹತ್ತಿರ ಕೂತಿತು, ಎರಡನೇ ವಾರಕ್ಕೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಜೊತೆಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅನ್ನುವ ಸದ್ದು, ಬಿಸಿಯಾದ ಮೇಲೆ ಮಾಯ. ಕೆಳಗೆ ಟಾರ್ಚ್ ಬಿಟ್ಟು ನೋಡಿದರೆ ಜಾಯಿಂಟ್ ಸುತ್ತ ಕಾಡಿಗೆ ಬಳಿದ ಹಾಗೆ ಕಪ್ಪು ಮಸಿ. ಹಳೇ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಿದ್ದರು, ಹೊಗೆ ಅಲ್ಲಿಂದ ಸೋರುತ್ತಿತ್ತು. ಹೊಸ ಗ್ಯಾಸ್ಕೆಟ್‌ಗೆ ಇಪ್ಪತ್ತು ಡಾಲರೂ ಆಗುವುದಿಲ್ಲ. ಕೇಳಿ ಹಾಕಿಸಿ.

ಇನ್ನೊಂದು: ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಇಡೀ ಪೈಪನ್ನು ಒರೆಸಿ. ಬೆರಳಿನ ಎಣ್ಣೆ ಶಾಖಕ್ಕೆ ಸ್ಟೀಲಿನ ಮೇಲೆ ಸುಟ್ಟು ಕೂತರೆ ಹೋಗುವುದಿಲ್ಲ. ನನ್ನ ಬಲಗಡೆ ತುದಿಯ ಮೇಲೆ ಯಾರದೋ ಹೆಬ್ಬೆರಳು ಇವತ್ತಿಗೂ ಸ್ಪಷ್ಟವಾಗಿ ಕಾಣುತ್ತದೆ. ಉಳಿದಂತೆ ಸ್ಟೀಲು 304 ದರ್ಜೆಯದು, ತುಕ್ಕು ಇಲ್ಲ. ವೆಲ್ಡ್‌ಗಳೂ ಗಟ್ಟಿಯಾಗಿವೆ.

ಕಾನೂನು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾರಿಗೆ ಮಿತಿ 95 ಡೆಸಿಬೆಲ್. ಪೈಪಿನ ತುದಿಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಓರೆಯಲ್ಲಿ ಮೈಕ್ ಇಟ್ಟು ಅಳೆಯುತ್ತಾರೆ. ಕ್ಯಾಟ್ ಆದ ಮೇಲಿನ ಭಾಗ ಬದಲಾಯಿಸಿದರೆ ಸ್ಮಾಗ್ ಚೆಕ್‌ಗೆ (ಹೊಗೆ ತಪಾಸಣೆಗೆ) ತೊಂದರೆಯಿಲ್ಲ. ಮುಂದಿನ ಹೆಡರ್‌ಗೆ ಕೈಹಾಕಿದರೆ ಮಾತ್ರ ಸರ್ಕಾರದ ಅನುಮತಿ ನಂಬರ್ ಇರುವುದೇ ಬೇಕು. ನನ್ನನ್ನು ಪೊಲೀಸರು ಇದುವರೆಗೆ ನಿಲ್ಲಿಸಿಲ್ಲ. ಲಗೂನಾ ಸೆಕಾ ರೇಸ್ ಟ್ರ್ಯಾಕಿಗೆ ಹೋದ ದಿನ ಮಿತಿ 90 ಇತ್ತು. ಅಲ್ಲಿ ಮೈಕ್ ಇರುವುದು ಟ್ರ್ಯಾಕಿನ ಒಂದು ಪಕ್ಕದಲ್ಲಿ. ತುಂಬಾ ಜನ ಪೈಪಿನ ಬಾಯಿಗೆ ಬಾಗಿದ ತುಂಡೊಂದನ್ನು ಸಿಕ್ಕಿಸಿ ಸದ್ದನ್ನು ಆಚೆ ಕಡೆ ತಿರುಗಿಸುತ್ತಾರೆ. ನಾನೂ ಒಂದನ್ನು ಎರವಲು ತಂದು ಪಾಸಾದೆ.

ಬೆಂಗಳೂರಿನ ತಮ್ಮ ತನ್ನ ಕಾರಿಗೂ ಇಂಥದ್ದು ಹಾಕಿಸಲಾ ಅಂತ ಕೇಳಿದ. ಸುಮ್ನೆ ಇರಪ್ಪ ಅಂದೆ. ಅಲ್ಲಿ ಮೋಟಾರು ವಾಹನ ಕಾಯ್ದೆಯ 190(2)ರ ಪ್ರಕಾರ ಸದ್ದಿನ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಲೈಸೆನ್ಸ್ ಬೇರೆ ಮೂರು ತಿಂಗಳು ಹೋಗುತ್ತದೆ.

ಬೆಳಿಗ್ಗೆ ಬೇಗ ಕೆಲಸಕ್ಕೆ ಹೊರಡುವವರು, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಲ್ಲಿಸುವವರು ಎರಡು ಸಲ ಯೋಚಿಸಿ. ಕ್ಯಾಟ್ ಬೇಗ ಬಿಸಿಯಾಗಲಿ ಅಂತ ಎಂಜಿನ್ ಮೊದಲ ಸ್ವಲ್ಪ ಹೊತ್ತು ಜೋರಾಗಿಯೇ ಓಡುತ್ತದೆ, ಅದನ್ನು ತಗ್ಗಿಸಲು ನಿಮ್ಮ ಕೈಲಾಗುವುದಿಲ್ಲ. ಹಳೇ ಸೈಲೆನ್ಸರನ್ನು ಗುಜರಿಗೆ ಹಾಕಬೇಡಿ. ಗ್ಯಾರೇಜಿನಲ್ಲಿ ಜಾಗ ತಿನ್ನುತ್ತದೆ ನಿಜ, ಆದರೆ ಕಾರು ಮಾರುವಾಗ ಅದನ್ನೇ ವಾಪಸ್ ಹಾಕಿ, ಇದನ್ನು ಬೇರೆ ಮಾರಿಕೊಂಡರೆ ಅರ್ಧ ದುಡ್ಡಾದರೂ ಕೈಗೆ ಬರುತ್ತದೆ.