ಕಲ್ಲಿಲ್ಲದ ಪಿತ್ತಕೋಶದ ಉರಿಯೂತ: ಮೈಸೂರಿನ ಒಂದು ಆಸ್ಪತ್ರೆಯ ಆರು ದಿನಗಳ ಶುಶ್ರೂಷೆ

ಕಳೆದ ಮಳೆಗಾಲದಲ್ಲಿ ನನ್ನ ತಮ್ಮನಿಗೆ ಡೆಂಗಿ ಜ್ವರ ಬಂದ ಐದನೆಯ ದಿನ ಬಲಪಕ್ಕೆಯ ಕೆಳಗೆ ತಡೆಯಲಾರದ ನೋವು ಕಾಣಿಸಿಕೊಂಡಿತು. ಬಡಾವಣೆಯ ನರ್ಸಿಂಗ್ ಹೋಮ್‌ನಲ್ಲಿ ಸ್ಕ್ಯಾನಿಂಗ್ ಮಾಡಿದವರು, ಪಿತ್ತಕೋಶ ಊದಿದೆ, ಕೂಡಲೇ ತೆಗೆಸಿಬಿಡಿ ಎಂದರು. ಕಲ್ಲೇ ಇಲ್ಲವಲ್ಲ ಎಂದು ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಗಲಿಲ್ಲ. ಅದೇ ಸಂಜೆ ಅವನನ್ನು ಮೈಸೂರಿನ ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಈ ವಿಮರ್ಶೆ ಅಲ್ಲಿನ ಸೇವೆಯ ಕುರಿತದ್ದು.

ಅಲ್ಲಿನ ಸರ್ಜನ್ ಕತ್ತರಿ ಹಿಡಿಯುವ ಮೊದಲು ಕುಳಿತು ಮಾತನಾಡಿದರು. ಪಿತ್ತಕೋಶದ ತೀವ್ರ ಉರಿಯೂತ ಬಹುಪಾಲು ಕಲ್ಲಿನಿಂದಲೇ ಬರುವುದಾದರೂ ನೂರರಲ್ಲಿ 5ರಿಂದ 10 ಮಂದಿಗೆ ಕಲ್ಲಿರುವುದಿಲ್ಲ. ದೊಡ್ಡ ಆಪರೇಷನ್ ಅಥವಾ ಸುಟ್ಟಗಾಯದ ನಂತರ ಐಸಿಯುನಲ್ಲಿ ದಿನಗಟ್ಟಲೆ ಬಾಯಿಗೆ ಆಹಾರವಿಲ್ಲದೆ ಮಲಗಿದವರಲ್ಲಿ ಪಿತ್ತರಸ ಮಡುಗಟ್ಟಿ, ಕೋಶದ ಗೋಡೆಗೆ ರಕ್ತಸಂಚಾರ ಕುಗ್ಗಿ ಬರುವ ಉರಿಯೂತ ಅಪಾಯಕಾರಿ, ಏಕೆಂದರೆ ಕೋಶ ಕೊಳೆತು ತೂತಾಗಬಹುದು. ಡೆಂಗಿಯಲ್ಲಾದರೋ ರಕ್ತನಾಳಗಳಿಂದ ದ್ರವ ಸೋರಿ ಗೋಡೆ ದಪ್ಪವಾಗುತ್ತದೆ, ಜ್ವರದ ಆ ಘಟ್ಟ ದಾಟಿದ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. 3 ಮಿ.ಮೀ. ಒಳಗಿರಬೇಕಾದ ಗೋಡೆ ತಮ್ಮನಿಗೆ 8 ಮಿ.ಮೀ. ಆಗಿತ್ತು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ 32,000ಕ್ಕೆ ಇಳಿದಿತ್ತು. ಆ ಸ್ಥಿತಿಯಲ್ಲಿ ಆಪರೇಷನ್ನೇ ಹೆಚ್ಚು ಅಪಾಯ ಎಂದು ಅವರು ಹೇಳಿದ್ದು ನಮಗೆ ಮನವರಿಕೆಯಾಯಿತು.

ಕಾಯುವುದೆಂದರೆ ಸುಮ್ಮನೆ ಮಲಗಿಸುವುದಾಗಿರಲಿಲ್ಲ. ದಿನಕ್ಕೆರಡು ಸಲ ರಕ್ತಪರೀಕ್ಷೆ ನಡೆಯುತ್ತಿತ್ತು, ಡ್ರಿಪ್ಪಿನ ಪ್ರಮಾಣವನ್ನೂ ಮೂತ್ರದ ಪ್ರಮಾಣವನ್ನೂ ಬರೆದಿಡುತ್ತಿದ್ದರು, ಹೊಟ್ಟೆ ಗಟ್ಟಿಯಾಗುತ್ತಿದೆಯೇ ಎಂದು ಪ್ರತಿ ಪಾಳಿಯ ವೈದ್ಯರೂ ಮುಟ್ಟಿ ನೋಡುತ್ತಿದ್ದರು. ನಾವು ನೋವಿನ ಇಂಜೆಕ್ಷನ್‌ಗಾಗಿ ಹಟ ಹಿಡಿದಾಗಲೂ ರಕ್ತಸ್ರಾವದ ಭಯವಿದೆಯೆಂದು ಪ್ಯಾರಾಸಿಟಮಾಲ್‌ನಲ್ಲೇ ನಿಭಾಯಿಸಿದರು. ಆರನೆಯ ದಿನದ ಸ್ಕ್ಯಾನಿಂಗ್‌ನಲ್ಲಿ ಗೋಡೆ 4 ಮಿ.ಮೀ.ಗೆ ಬಂದಿತ್ತು.

ಕೊರತೆಗಳೂ ಇದ್ದವು. ಕೈಗಿತ್ತ ಪಥ್ಯದ ಹಾಳೆ ಕಲ್ಲಿನ ರೋಗಿಗಳಿಗಾಗಿ ಅಚ್ಚುಮಾಡಿಸಿದ್ದು. ತುಪ್ಪ, ತೆಂಗಿನಕಾಯಿ ಜೀವಮಾನವಿಡೀ ಬೇಡವೆಂದು ಅದರಲ್ಲಿತ್ತು. ಕೇಳಿದ ಮೇಲೆ, ಕೆಲವು ದಿನ ಗಂಜಿ, ಮೃದುವಾದ ಅನ್ನ ಸಾಕು, ಆಮೇಲೆ ಎಂದಿನ ಊಟ ಎಂದು ವೈದ್ಯರು ತಿದ್ದಿದರು. ಬೆಳಿಗ್ಗೆ ಡಿಸ್ಚಾರ್ಜ್ ಎಂದವರು ವಿಮೆಯ ಕಾಗದಪತ್ರ ಮುಗಿಸುವಷ್ಟರಲ್ಲಿ ಸಂಜೆ ಆರಾಯಿತು.

ಇನ್ನೊಂದು ಮಾತು: ಆಪರೇಷನ್ ತಾಳಲಾರದ ರೋಗಿಗೆ ಚರ್ಮದ ಮೂಲಕ ಪಿತ್ತಕೋಶಕ್ಕೆ ನಳಿಕೆ ಇಳಿಸಿ ಪಿತ್ತವನ್ನು ಹೊರತೆಗೆಯುವ ವೈದ್ಯರು ಇಲ್ಲಿ ಕಾಯಂ ಇಲ್ಲ, ಕರೆದಾಗ ಹೊರಗಿನಿಂದ ಬರುತ್ತಾರೆ. ಡೆಂಗಿಯ ರೋಗಿಯನ್ನು ನಾನು ಧೈರ್ಯವಾಗಿ ಇಲ್ಲಿಗೆ ಕರೆತರುವೆ. ಐಸಿಯುನಲ್ಲಿ ವಾರಗಟ್ಟಲೆ ಮಲಗಿದವರಿಗೆ ಈ ತೊಂದರೆ ಬಂದರೆ, ಆ ಸೌಲಭ್ಯ ಹಗಲಿರುಳೂ ಇರುವ ಆಸ್ಪತ್ರೆಯನ್ನೇ ಹುಡುಕುವೆ.